ದೇಶಿಮಾಣಿಕ್ಯ ಪಟ್ಟಣ: ದೊಮ್ಮಲೂರಿನ ಇನ್ನೊಂದು ಹೆಸರು

ದೊಮ್ಮಲೂರು ಎಂದೊಡನೆ ಬೆಂಗಳೂರಿನ ಜನಕ್ಕೆ ನೆನಪಾಗುವುದು ಮೇಲ್ಸೇತುವೆ, ಇಂದಿರಾನಗರದಿಂದ ಕೋರಮಂಗಲದ ಕಡೆಗೆ ಹೋಗುವ ವರ್ತುಲ ರಸ್ತೆ, ಹಳೆಯ ವಿಮಾನ ನಿಲ್ದಾಣದತ್ತ ಸಾಗುವ ವಾಹನಗಳ ಸಾಲು. ಸ್ವಲ್ಪ ಹಳಬರನ್ನು ಕೇಳಿದರೆ ಅದೊಂದು ಹಳ್ಳಿಯಾಗಿತ್ತು, ನಗರ ಬೆಳೆಯುತ್ತ ಬಂದು ಅದನ್ನು ನುಂಗಿತು ಎನ್ನುತ್ತಾರೆ. ಎರಡು ಮಾತೂ ಸುಳ್ಳಲ್ಲ. ಆದರೆ ಆ ಊರಿನ ಚೊಕ್ಕನಾಥಸ್ವಾಮಿ ದೇವಾಲಯದ ಕಲ್ಲುಗಳು ಮೂರನೆಯ ಮಾತೊಂದನ್ನು ಹೇಳುತ್ತವೆ. 13ನೇ ಶತಮಾನದ ತಮಿಳು ಶಾಸನಗಳಲ್ಲಿ ಈ ಊರಿಗೆ ಎರಡು ಹೆಸರುಗಳಿವೆ. ಒಂದು ತೊಂಬಲೂರು, ಅದೇ ಇಂದಿನ ದೊಮ್ಮಲೂರು. ಇನ್ನೊಂದು ದೇಶಿಮಾಣಿಕ್ಯ ಪಟ್ಟಣ.

ಈ ಎರಡನೆಯ ಹೆಸರು ಈಗ ಯಾರ ಬಾಯಲ್ಲೂ ಇಲ್ಲ. ಬಸ್ಸಿನ ಫಲಕದಲ್ಲಿ, ಅಂಚೆ ವಿಳಾಸದಲ್ಲಿ, ಕಂದಾಯದ ಕಾಗದದಲ್ಲಿ ಎಲ್ಲಿಯೂ ಅದರ ಸುಳಿವಿಲ್ಲ. ಆದರೂ ಬೆಂಗಳೂರಿನ ಪೂರ್ವ ಭಾಗದ ಚರಿತ್ರೆಯನ್ನು ತಿಳಿಯಬೇಕೆನ್ನುವವರಿಗೆ ಈ ಒಂದು ಹೆಸರು ಮುಖ್ಯ. ಹಲಸೂರು, ಶಿವಾಜಿನಗರ, ಇಂದಿರಾನಗರಗಳ ಕಥೆಯನ್ನು ಸಾಮಾನ್ಯವಾಗಿ 1809ರಲ್ಲಿ ಬ್ರಿಟಿಷರು ದಂಡು ಕಟ್ಟಿದಲ್ಲಿಂದ ಆರಂಭಿಸುವುದು ರೂಢಿ. ಅದಕ್ಕಿಂತ ಐದು ಶತಮಾನಗಳ ಹಿಂದೆಯೇ ಇಲ್ಲಿ ಒಂದು ‘ಪಟ್ಟಣ’ ಇತ್ತು ಎಂದಾದರೆ ಆ ಕಥೆಯ ಮೊದಲ ಅಧ್ಯಾಯವನ್ನು ಹೊಸದಾಗಿ ಬರೆಯಬೇಕಾಗುತ್ತದೆ.

ಪಟ್ಟಣ ಎಂದರೆ ಏನು?

ಇಂದು ನಾವು ಪಟ್ಟಣ ಎನ್ನುವುದು ಹಳ್ಳಿಗಿಂತ ದೊಡ್ಡದಾದ, ನಗರಕ್ಕಿಂತ ಚಿಕ್ಕದಾದ ಊರಿಗೆ. ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ ಎಂದು ವಿಂಗಡಿಸುವಾಗ ಸರ್ಕಾರ ಮುಖ್ಯವಾಗಿ ನೋಡುವುದು ಜನಸಂಖ್ಯೆ, ಜನಸಾಂದ್ರತೆ, ಬೇಸಾಯವಲ್ಲದ ಕಸುಬುಗಳ ಪ್ರಮಾಣ ಮತ್ತು ವರಮಾನ. ಅಂದರೆ ಇದು ತಲೆ ಎಣಿಸಿ ಕೊಡುವ ದರ್ಜೆ.

ಶಾಸನಗಳ ಕಾಲದಲ್ಲಿ ಈ ಮಾತಿಗೆ ಬೇರೆ ತೂಕವಿತ್ತು. ಊರು, ಹಳ್ಳಿ ಎಂದರೆ ಬೇಸಾಯಗಾರರ ನೆಲೆ. ಅಗ್ರಹಾರ ಎಂದರೆ ಬ್ರಾಹ್ಮಣರಿಗೆ ದಾನವಾಗಿ ಕೊಟ್ಟ ಊರು. ಪಟ್ಟಣ ಎಂದರೆ ವ್ಯಾಪಾರದ ನೆಲೆ. ಕಡಲ ಕರೆಯ ಮಚಲೀಪಟ್ಟಣ, ನಾಗಪಟ್ಟಣ, ವಿಶಾಖಪಟ್ಟಣಗಳಲ್ಲಿ ಹಡಗುಗಳು ಬಂದು ನಿಲ್ಲುವ ಜಾಗ ಎಂಬ ಅರ್ಥವೂ ಉಂಟು. ಒಳನಾಡಿನಲ್ಲಿ ಹಡಗಿನ ಬದಲು ಎತ್ತಿನ ಹೇರು ಬಂದು ಇಳಿಯುವ ಊರು ಪಟ್ಟಣವೆನಿಸಿತು. ಅಲ್ಲಿ ಎಷ್ಟು ಮನೆಗಳಿದ್ದವು ಎನ್ನುವುದಕ್ಕಿಂತ ಅಲ್ಲಿ ಅಂಗಡಿ ಇಡುವ, ಸಂತೆ ಕೂಡಿಸುವ, ಅಳತೆ ತೂಕ ನಿಶ್ಚಯಿಸುವ, ಸುಂಕ ಎತ್ತುವ ಅಧಿಕಾರ ಯಾರಿಗಿತ್ತು ಎನ್ನುವುದು ಮುಖ್ಯವಾಗಿತ್ತು.

ಇಂಥ ಊರಿನ ವರ್ತಕರ ಮುಖಂಡನಿಗೆ ಕನ್ನಡ ಶಾಸನಗಳು ‘ಪಟ್ಟಣಸ್ವಾಮಿ’ ಎನ್ನುತ್ತವೆ. ಹೊಂಬುಜದಲ್ಲಿ 1062ರ ಸುಮಾರಿಗೆ ಬಸದಿ ಕಟ್ಟಿಸಿದ ಪಟ್ಟಣಸ್ವಾಮಿ ನೊಕ್ಕಯ್ಯಸೆಟ್ಟಿಯ ಹೆಸರು ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತ. ಪಟ್ಟಣಸ್ವಾಮಿ ರಾಜನ ಸೇನಾನಿಯಲ್ಲ, ಊರ ಗೌಡನೂ ಅಲ್ಲ. ವರ್ತಕರ ಪರವಾಗಿ ಅರಮನೆಯೊಡನೆ, ಅರಮನೆಯ ಪರವಾಗಿ ವರ್ತಕರೊಡನೆ ಮಾತಾಡಬಲ್ಲ ಮನುಷ್ಯ. ವಿಜಯನಗರದ ಕಾಲದಲ್ಲಿ ಹೊಸದಾಗಿ ಸಂತೆ ಕಟ್ಟಿಸಿದವನಿಗೆ ಪಟ್ಟಣಸ್ವಾಮಿತನವನ್ನೂ ಅದಕ್ಕೆ ಮಾನ್ಯದ ಭೂಮಿಯನ್ನೂ ಕೊಟ್ಟ ಉದಾಹರಣೆಗಳಿವೆ. ಸಂತೆಗೆ ಜನ ಕೂಡಲೆಂದು ಮೊದಲ ಕೆಲವು ವರ್ಷ ಸುಂಕ ಬಿಡುವ ಪದ್ಧತಿಯೂ ಇತ್ತು.

ದೂರದ ಒಂದು ಹೋಲಿಕೆ

ಹೀಗೆ ಮಾರುಕಟ್ಟೆಯ ಹಕ್ಕಿನಿಂದಲೇ ಊರಿಗೆ ದರ್ಜೆ ಬರುವುದು ನಮ್ಮ ದೇಶದ ವಿಶೇಷವೇನೂ ಅಲ್ಲ. ಯುರೋಪಿನ ಆಸ್ಟ್ರಿಯದಲ್ಲಿ ಈ ಪದ್ಧತಿ ಇಂದಿಗೂ ಹೆಸರಿನ ಮಟ್ಟಿಗೆ ಬದುಕಿದೆ. ಅಲ್ಲಿನ ಎರಡು ಸಾವಿರಕ್ಕೂ ಹೆಚ್ಚು ಸ್ಥಳೀಯ ಪಂಚಾಯಿತಿಗಳಲ್ಲಿ ಏಳುನೂರಕ್ಕಿಂತ ಹೆಚ್ಚಿನವಕ್ಕೆ ‘ಮಾರ್ಕ್ಟ್‌ಗೆಮೈಂಡೆ’ ಎಂಬ ಬಿರುದು ಇದೆ. ಅದರ ಅರ್ಥ ಸರಳ: ಮಾರುಕಟ್ಟೆಯ ಊರು. ಮಧ್ಯಯುಗದಲ್ಲಿ ದೊರೆಯೋ ಪಾಳೆಯಗಾರನೋ ವಾರದ ಸಂತೆ ಮತ್ತು ವರ್ಷದ ಜಾತ್ರೆ ನಡೆಸುವ ಹಕ್ಕನ್ನು ಒಂದು ಊರಿಗೆ ಬರೆದುಕೊಡುತ್ತಿದ್ದ. ಆ ಹಕ್ಕು ಪಡೆದ ಊರು ಹಳ್ಳಿಯ ಮಟ್ಟದಿಂದ ಮೇಲೇರುತ್ತಿತ್ತು. ಕೋಟೆಯ ಗೋಡೆ ಕಟ್ಟಿ ನಗರ ಎನಿಸಿಕೊಳ್ಳುವ ಹಕ್ಕು ಮಾತ್ರ ಬೇರೆ.

ಸರೋವರದ ದಂಡೆಯಲ್ಲಿರುವ ಹಾಲ್‌ಸ್ಟಾಟ್ ಅಂಥದೊಂದು ಊರು. ಬೆಟ್ಟದ ಉಪ್ಪಿನ ಗಣಿಗಳಿಂದ ಅದಕ್ಕೆ ಬದುಕು. 1311ರಲ್ಲಿ ಅದಕ್ಕೆ ಮಾರುಕಟ್ಟೆಯ ಹಕ್ಕು ದೊರೆಯಿತು. ಇಂದು ಅಲ್ಲಿನ ಜನಸಂಖ್ಯೆ ಎಂಟುನೂರಕ್ಕೂ ಕಡಿಮೆ. ನಮ್ಮ ಲೆಕ್ಕದಲ್ಲಿ ಅದು ಪಂಚಾಯಿತಿ ಕಚೇರಿಯೂ ಇರದಷ್ಟು ಸಣ್ಣ ಹಳ್ಳಿ. ಆದರೆ ಏಳು ಶತಮಾನಗಳ ಹಿಂದಿನ ಆ ದರ್ಜೆಯನ್ನು ಅದು ಇಂದಿಗೂ ಹೊತ್ತಿದೆ. ದೊಮ್ಮಲೂರು ದೇಶಿಮಾಣಿಕ್ಯ ಪಟ್ಟಣವೆನಿಸಿದ್ದು ಹಾಲ್‌ಸ್ಟಾಟ್‌ಗೆ ಹಕ್ಕು ಸಿಗುವುದಕ್ಕೆ ಸ್ವಲ್ಪ ಮೊದಲೇ. ಅಲ್ಲಿ ಬಿರುದು ಉಳಿಯಿತು, ಇಲ್ಲಿ ಅಳಿಯಿತು.

‘ದೇಶಿ’ ಯಾರು?

ಪಟ್ಟಣ ಎಂಬ ಮಾತಿನ ಹಿಂದಿರುವ ‘ದೇಶಿಮಾಣಿಕ್ಯ’ವನ್ನೂ ಬಿಡಿಸಿ ನೋಡಬೇಕು. ಮಾಣಿಕ್ಯ ಕೆಂಪು ರತ್ನ, ಸರಿ. ದೇಶಿ ಎಂದರೆ ನಾವು ಇಂದು ಬಳಸುವ ಸ್ವದೇಶಿ ಎಂಬ ಅರ್ಥ ಅಲ್ಲಿ ಹೊಂದುವುದಿಲ್ಲ. ಮಧ್ಯಯುಗದ ದಕ್ಷಿಣ ಭಾರತದಲ್ಲಿ ದೇಶದಿಂದ ದೇಶಕ್ಕೆ ಸರಕು ಸಾಗಿಸುತ್ತಿದ್ದ ವರ್ತಕ ಸಂಘಗಳನ್ನು ‘ನಾನಾದೇಶಿ’, ‘ಉಭಯ ನಾನಾದೇಶಿ’ ಎಂದು ಶಾಸನಗಳು ಕರೆಯುತ್ತವೆ. ಇವುಗಳಲ್ಲಿ ಹೆಸರಾದದ್ದು ‘ಅಯ್ಯಾವೊಳೆಯ ಐನೂರ್ವರು’. ಬಾಗಲಕೋಟೆ ಜಿಲ್ಲೆಯ ಐಹೊಳೆಯೇ ಆ ಅಯ್ಯಾವೊಳೆ. ಕನ್ನಡ ನಾಡಿನಲ್ಲಿ ಹುಟ್ಟಿದ ಈ ಸಂಘದ ಹೆಸರು ತಮಿಳುನಾಡು, ಆಂಧ್ರ, ಕೇರಳ, ಸಿಂಹಳಗಳ ಶಾಸನಗಳಲ್ಲೂ ಕಾಣುತ್ತದೆ.

ಇವರ ಸಂಚಾರ ಕಡಲಾಚೆಗೂ ಇತ್ತು. ಸುಮಾತ್ರ ದ್ವೀಪದ ಬಾರುಸ್ ಬಳಿ 1088ರ ತಮಿಳು ಶಾಸನವೊಂದು ಸಿಕ್ಕಿದೆ. ಅದು ಈ ವರ್ತಕ ಸಂಘದ್ದು. ಬರ್ಮಾದ ಪಗಾನ್‌ನಲ್ಲಿ ನಾನಾದೇಶಿಗಳ ಹೆಸರು ಹೊತ್ತ ವಿಷ್ಣು ದೇವಾಲಯವೇ ಇತ್ತು. 13ನೇ ಶತಮಾನದಲ್ಲಿ ಕೇರಳದ ಕಡೆಯಿಂದ ಹೋದ ಭಕ್ತನೊಬ್ಬ ಅದಕ್ಕೆ ಮಂಟಪ ಕಟ್ಟಿಸಿ ದೀಪದ ಸೇವೆ ಏರ್ಪಡಿಸಿದ್ದನ್ನು ಅಲ್ಲಿನ ಶಾಸನ ಹೇಳುತ್ತದೆ. ಈ ವರ್ತಕರು ತಮ್ಮ ಆಶ್ರಯದ ಊರುಗಳಿಗೆ ತಮ್ಮ ಬಿರುದು ಸೇರಿಸಿ ಹೆಸರಿಡುತ್ತಿದ್ದುದೂ ಉಂಟು. ತಮಿಳು, ಕನ್ನಡ ಸೀಮೆಗಳ ‘ಎಱಿವೀರಪಟ್ಟಣ’ಗಳು ಇದಕ್ಕೆ ಉದಾಹರಣೆ.

ಈ ಹಿನ್ನೆಲೆಯಲ್ಲಿ ನೋಡಿದರೆ ದೇಶಿಮಾಣಿಕ್ಯ ಪಟ್ಟಣ ಎಂದರೆ ದೇಶಿಗಳ ಮಾಣಿಕ್ಯದಂಥ ಪಟ್ಟಣ, ದೂರದ ವರ್ತಕರು ತಮ್ಮದೆಂದು ಹೇಳಿಕೊಂಡ ಊರು. ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯಂತೆ ಅದು ರಾಜಧಾನಿಯೂ ಆಗಿರಲಿಲ್ಲ, ನೂರಾರು ಕಲಾವಿದರನ್ನು ಸಾಕಿದ ಮಹಾನಗರಿಯೂ ಆಗಿರಲಿಲ್ಲ. ಕೆರೆ, ಗದ್ದೆ, ತೋಪುಗಳ ನಡುವಿನ ಒಂದು ಸಣ್ಣ ಊರು. ಆದರೂ ಪೂರ್ವದ ತಮಿಳು ಬಯಲಿನಿಂದ ಘಟ್ಟ ಹತ್ತಿ ಬಂದ ಸರಕು ಮೈಸೂರು ಸೀಮೆಯ ಪ್ರಸ್ಥಭೂಮಿಯ ಸರಕನ್ನು ಸಂಧಿಸುತ್ತಿದ್ದ ಭೂಭಾಗದಲ್ಲಿ ಅದು ನಿಂತಿತ್ತು. ಅದೇ ಅದರ ಬಂಡವಾಳ.

ಗೋಡೆಯ ಮೇಲಿನ ಲೆಕ್ಕಪತ್ರ

ದೊಮ್ಮಲೂರಿನ ಶಾಸನಗಳನ್ನು ಮೊದಲು ಕ್ರಮವಾಗಿ ಓದಿ ಅಚ್ಚು ಹಾಕಿಸಿದವರು ಬಿ.ಎಲ್. ರೈಸ್. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ 9ನೇ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ಕಲ್ಲಿನ ಅಕ್ಷರ ಮುಂದೆ ಮಾಸಿದರೂ ಆ ಪಾಠ ನಮಗೆ ಉಳಿದಿರುವುದು ಅವರ ಶ್ರಮದಿಂದ.

ಶಾಸನಗಳ ಕಾಲದ ರಾಜಕೀಯವನ್ನು ಒಂದಿಷ್ಟು ತಿಳಿದರೆ ಇವು ತಮಿಳಿನಲ್ಲಿ ಏಕಿವೆ ಎಂಬುದು ಅರ್ಥವಾಗುತ್ತದೆ. 11ನೇ ಶತಮಾನದ ಆರಂಭದಲ್ಲಿ ಗಂಗರ ತಲಕಾಡು ಚೋಳರ ವಶವಾಯಿತು. ಬೆಂಗಳೂರು, ಕೋಲಾರದ ಸೀಮೆ ನೂರಕ್ಕೂ ಹೆಚ್ಚು ವರ್ಷ ಚೋಳರ ಆಡಳಿತದಲ್ಲಿತ್ತು. ಯಲಹಂಕ ನಾಡನ್ನು ತಮಿಳು ಶಾಸನಗಳು ‘ಇಲೈಪಾಕ್ಕ ನಾಡು’ ಎಂದು ಬರೆದದ್ದು ಆ ಕಾಲದಿಂದ. ವಿಷ್ಣುವರ್ಧನ ಚೋಳರನ್ನು ಹೊರದೂಡಿದ ಮೇಲೆ ಹೊಯ್ಸಳರ ಆಡಳಿತ ಬಂತು. 13ನೇ ಶತಮಾನದ ನಡುವಿನಲ್ಲಿ ಹೊಯ್ಸಳ ಸೋಮೇಶ್ವರನ ರಾಜ್ಯ ಅವನ ಇಬ್ಬರು ಮಕ್ಕಳ ನಡುವೆ ಹಂಚಿಹೋಯಿತು. ದ್ವಾರಸಮುದ್ರದ ಕಡೆ ಮೂರನೆಯ ನರಸಿಂಹನಿಗೆ. ಶ್ರೀರಂಗದ ಬಳಿಯ ಕಣ್ಣನೂರಿನಿಂದ ಆಳಿದ ರಾಮನಾಥನಿಗೆ ತಮಿಳು ಸೀಮೆಯೂ ಅದಕ್ಕೆ ಹೊಂದಿಕೊಂಡ ಪೂರ್ವದ ಈ ಭಾಗವೂ ಬಂದವು. ಹೀಗೆ ಕನ್ನಡದ ರಾಜಮನೆತನದ ಅರಸನೊಬ್ಬನ ಆಳ್ವಿಕೆಯಲ್ಲಿ, ಇಂದಿನ ಬೆಂಗಳೂರಿನ ನಡುವೆ, ತಮಿಳಿನಲ್ಲಿ ಶಾಸನ ಹುಟ್ಟಿತು.

ಆ ಶಾಸನಗಳಲ್ಲಿ ಒಂದರಲ್ಲಿ ದಂಪತಿಗಳು ಜಲಪಳ್ಳಿ ಎಂಬ ಊರಿನ ಮತ್ತು ವಿಣ್ಣಮಂಗಲದ ಕೆರೆಯ ಉತ್ಪತ್ತಿಯನ್ನು ದೇವರಿಗೆ ಬಿಟ್ಟದ್ದು ದಾಖಲಾಗಿದೆ. ರಾಮನಾಥನ ಹೆಸರಿನ ಶಾಸನಗಳು ತೊಂಬಲೂರಿನ ವರಮಾನದಿಂದ ದೇವರಿಗೆ ಸಲ್ಲಬೇಕಾದ ಹಣದ ಬಗ್ಗೆಯೂ ತನ್ನ ರಾಜ್ಯದ ದೇವಸ್ಥಾನಗಳ ಆಡಳಿತಗಾರರು ನಡೆದುಕೊಳ್ಳಬೇಕಾದ ರೀತಿಯ ಬಗ್ಗೆಯೂ ಹೇಳುತ್ತವೆ. ಮುಂದೆ ವಿಜಯನಗರದ ದೇವರಾಯನ ಕಾಲದಲ್ಲಿ ತೊಂಬಲೂರಿನ ಸುತ್ತಣ ಭೂಮಿ, ಮನೆ, ಬಾವಿ, ತೆರಿಗೆ ಮತ್ತು ಸುಂಕಗಳನ್ನು ಚೊಕ್ಕಪೆರುಮಾಳ್ ದೇವರಿಗೆ ಬಿಟ್ಟುಕೊಟ್ಟ ದಾಖಲೆ ಬರುತ್ತದೆ. ಚೊಕ್ಕ ಎಂದರೆ ಚೆಲುವ. ಮಧುರೆಯಲ್ಲಿ ಚೊಕ್ಕನಾಥ ಎಂದರೆ ಶಿವ. ದೊಮ್ಮಲೂರಿನಲ್ಲಿ ಅದೇ ಹೆಸರಿನವನು ವಿಷ್ಣು.

ವಿಣ್ಣಮಂಗಲ ಎಂಬ ಹೆಸರಿನ ಮುಂದೆ ಓದುಗರು ಒಂದು ಕ್ಷಣ ನಿಲ್ಲಬೇಕು. ತಮಿಳಿನ ‘ವ’ಕಾರ ಕನ್ನಡದಲ್ಲಿ ‘ಬ’ಕಾರವಾಗುವುದು, ಹಳೆಯ ‘ಪ’ಕಾರ ‘ಹ’ಕಾರವಾಗುವುದು ಭಾಷಾಶಾಸ್ತ್ರದ ಮೊದಲ ಪಾಠಗಳು. ಪಳ್ಳಿ ಹಳ್ಳಿಯಾದಂತೆ ವಿಣ್ಣಮಂಗಲ ಬಿನ್ನಮಂಗಲವಾಗುತ್ತದೆ. ದೊಮ್ಮಲೂರಿನ ಪಕ್ಕದಲ್ಲೇ, ಇಂದಿನ ಇಂದಿರಾನಗರದ ಬಡಾವಣೆಗಳ ನಡುವೆ, ಬಿನ್ನಮಂಗಲ ಎಂಬ ಹೆಸರು ಇನ್ನೂ ಬಳಕೆಯಲ್ಲಿದೆ. ಏಳುನೂರು ವರ್ಷ ಹಿಂದಿನ ಶಾಸನದ ಆ ಪದ ಇವತ್ತಿಗೂ ಅಲ್ಲಿ ವಿಳಾಸ ಹೇಳುವವರ ಬಾಯಲ್ಲಿ ಕೇಳುತ್ತದೆ.

ದೇವಾಲಯ, ಕೆರೆ, ಸಂತೆ

ಕೆರೆಯ ಉತ್ಪತ್ತಿಯನ್ನು ದೇವರಿಗೆ ಬಿಡುವುದು ಎಂದರೆ ಏನು? ಕೆರೆಯ ನೀರಿನಿಂದ ಅದರ ಕೆಳಗಿನ ಗದ್ದೆ ಬೆಳೆಯುತ್ತದೆ. ಆ ಬೆಳೆಯಲ್ಲಿ ಅರಸನಿಗೋ ಊರಿನ ಒಡೆಯನಿಗೋ ಸಲ್ಲುವ ಪಾಲು ದೇವಾಲಯಕ್ಕೆ ಸಲ್ಲುತ್ತದೆ. ಅದರಿಂದ ನೈವೇದ್ಯ, ದೀಪ, ಪೂಜೆಯವರ ಜೀವನ, ಉತ್ಸವ ನಡೆಯಬೇಕು. ಇದು ಭಕ್ತಿಯ ಕೆಲಸವೇ ಸರಿ. ಅದರ ಜೊತೆಗೆ ಊರಿನ ಆರ್ಥಿಕ ವ್ಯವಸ್ಥೆಯ ಒಂದು ಅಂಗವೂ ಹೌದು.

ಉತ್ಸವಕ್ಕೆ ಜನ ಸೇರುತ್ತಾರೆ. ಜನ ಸೇರಿದಲ್ಲಿ ಅಂಗಡಿ ಏಳುತ್ತದೆ. ಅಂಗಡಿಯ ತೆರೆ, ಮಗ್ಗದ ತೆರೆ, ಗಾಣದ ತೆರೆ, ಹೇರಿನ ಸುಂಕಗಳು ಕನ್ನಡ ನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಗಾಣದವನು ದೇವರ ದೀಪಕ್ಕೆ ಇಷ್ಟು ಮಾನ ಎಣ್ಣೆ, ಅಡಿಕೆ ಹೇರಿನವನು ಇಷ್ಟು ಅಡಿಕೆ, ದವಸದ ಹೇರಿನವನು ಇಷ್ಟು ಬಳ್ಳ ಎಂದು ನಿಗದಿ ಮಾಡಿದ ಪಟ್ಟಿಗಳು ಸಾಮಾನ್ಯ. ಅಂದರೆ ಊರಿನೊಳಗೆ ಬಂದು ಹೋಗುವ ಪ್ರತಿ ಸರಕಿನಿಂದಲೂ ಒಂದು ಚೂರು ದೇವಾಲಯಕ್ಕೆ ಸೇರುತ್ತಿತ್ತು. ಆ ಚೂರುಗಳು ಕೂಡಿ ಕೆರೆಯ ಏರಿ ದುರಸ್ತಿಗೆ, ಹೊಸ ಜಮೀನಿಗೆ, ಮತ್ತೆ ಊರಿನ ಬೆಳವಣಿಗೆಗೇ ಹಿಂದಿರುಗುವ ದಾರಿಗಳಿದ್ದವು.

ಇನ್ನೊಂದು ಸಂಗತಿ. ಪರಊರಿನ ವರ್ತಕನಿಗೆ ಬೇಕಾದದ್ದು ನಂಬಿಕೆ. ಈ ಊರಿನಲ್ಲಿ ಸುಂಕ ಎಷ್ಟು, ಯಾರಿಗೆ ಕೊಡಬೇಕು, ಮಾತು ಕೊಟ್ಟವನು ತಪ್ಪಿದರೆ ಯಾರನ್ನು ಕೇಳಬೇಕು ಎಂಬುದು ಅವನಿಗೆ ಗೊತ್ತಿರಬೇಕು. ಕಾಗದ ಹರಿಯುತ್ತದೆ, ಓಲೆಯನ್ನು ಗೆದ್ದಲು ತಿನ್ನುತ್ತದೆ. ದೇವಾಲಯದ ಗೋಡೆಯ ಮೇಲೆ ಕೊರೆದದ್ದು ಎಲ್ಲರ ಕಣ್ಣೆದುರು ನಿಲ್ಲುತ್ತದೆ. ಅದನ್ನು ತಪ್ಪಿದವನಿಗೆ ಶಾಪವನ್ನೂ ಕೊನೆಯಲ್ಲಿ ಬರೆದಿರುತ್ತದೆ. ಆದ್ದರಿಂದ ಚೊಕ್ಕನಾಥನ ಗುಡಿಯ ಕಲ್ಲನ್ನು ಧರ್ಮದ ದಾಖಲೆ ಎಂದಷ್ಟೇ ಓದದೆ, ಒಂದು ಸಣ್ಣ ಮಾರುಕಟ್ಟೆ ಊರಿನ ನೋಂದಣಿ ಕಚೇರಿ ಎಂದೂ ಓದಬೇಕು.

ಎರಡು ಭಾಷೆಯ ಊರು

ದೊಮ್ಮಲೂರಿನಲ್ಲಿ ತಮಿಳು ಶಾಸನಗಳಿವೆ, ಕನ್ನಡ ಶಾಸನಗಳೂ ಇವೆ. ವಿಜಯನಗರದ ಕಾಲಕ್ಕೆ ಬರುವಷ್ಟರಲ್ಲಿ ಕಲ್ಲಿನ ಭಾಷೆ ಕನ್ನಡವಾಗುತ್ತದೆ. ದೇವರ ಹೆಸರಿನಲ್ಲಿ ತಮಿಳಿನ ‘ಚೊಕ್ಕ’ವೂ ಉಳಿಯಿತು, ಊರಿನ ಹೆಸರು ತೊಂಬಲೂರಿನಿಂದ ದೊಮ್ಮಲೂರಾಗಿ ಕನ್ನಡದ ನಾಲಗೆಗೆ ಒಗ್ಗಿತು.

ಬೆಂಗಳೂರಿನ ಪೂರ್ವ ಭಾಗದ ಭಾಷೆಗಳ ವಿಷಯ ಬಂದಾಗ ಎರಡು ಬಗೆಯ ಮಾತು ಕೇಳಿಬರುವುದುಂಟು. ಇಲ್ಲಿ ತಮಿಳು ಬಂದದ್ದೇ ದಂಡಿನ ಜೊತೆಗೆ, ಬ್ರಿಟಿಷರ ಸಿಪಾಯಿಗಳ ಮತ್ತು ಗುತ್ತಿಗೆದಾರರ ಹಿಂದೆ ಎಂಬುದು ಒಂದು. ಇದು ಮೊದಲಿಂದಲೂ ತಮಿಳರ ನೆಲ, ಕನ್ನಡ ಆಮೇಲೆ ಬಂತು ಎಂಬುದು ಇನ್ನೊಂದು. ದೊಮ್ಮಲೂರಿನ ಕಲ್ಲುಗಳು ಇಬ್ಬರಿಗೂ ಅನುಕೂಲವಾಗಿಲ್ಲ. ಬ್ರಿಟಿಷರು ಬರುವುದಕ್ಕೆ ಐನೂರು ವರ್ಷ ಮೊದಲೇ ಇಲ್ಲಿ ತಮಿಳಿನಲ್ಲಿ ಲೆಕ್ಕ ಬರೆದಿದ್ದಾರೆ ಎಂಬುದು ದಿಟ. ಆ ಲೆಕ್ಕ ಬರೆಸಿದ ಅರಸ ಕನ್ನಡದ ಹೊಯ್ಸಳ ಮನೆತನದವನು, ಊರಿನ ಬಿರುದಿನಲ್ಲಿರುವ ‘ದೇಶಿ’ಗಳ ಮೂಲ ಸಂಘ ಕನ್ನಡ ನಾಡಿನ ಐಹೊಳೆಯದು, ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರಿನಲ್ಲಿ ‘ಬೆಂಗಳೂರು’ ಎಂಬ ಹೆಸರನ್ನು ಹೇಳುವ ಸುಮಾರು ಕ್ರಿ.ಶ. 900ರ ವೀರಗಲ್ಲಿನ ಭಾಷೆ ಕನ್ನಡ ಎಂಬುದೂ ಅಷ್ಟೇ ದಿಟ. ವ್ಯಾಪಾರದ ಊರು ಒಂದೇ ಭಾಷೆಯಲ್ಲಿ ಬದುಕುವುದು ಕಷ್ಟ. ಕೊಳ್ಳುವವನ ಮಾತು ಮಾರುವವನಿಗೆ ಬರಲೇಬೇಕು. ಪಟ್ಟಣದ ಲಕ್ಷಣಗಳಲ್ಲಿ ಇದೂ ಒಂದು.

ಮಾರುಕಟ್ಟೆ ಜಾಗ ಬದಲಿಸಿತು

ಇಂಥ ಊರು ಮತ್ತೆ ಹಳ್ಳಿಯಾದದ್ದು ಹೇಗೆ? ಮಾರುಕಟ್ಟೆ ಊರಿನ ಭಾಗ್ಯ ರಸ್ತೆಯನ್ನು ಅವಲಂಬಿಸಿದೆ, ಹಕ್ಕನ್ನು ಅವಲಂಬಿಸಿದೆ. ಹಕ್ಕು ಬೇರೆ ಊರಿಗೆ ಹೋದರೆ ಹೇರಿನ ಎತ್ತುಗಳೂ ಅತ್ತ ತಿರುಗುತ್ತವೆ.

1537ರಲ್ಲಿ ಯಲಹಂಕದ ಪ್ರಭು ಕೆಂಪೇಗೌಡರು ಬೆಂಗಳೂರಿನ ಕೋಟೆ ಪೇಟೆಗಳನ್ನು ಕಟ್ಟಿಸಿದರು. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂದು ಒಂದೊಂದು ಸರಕಿಗೆ, ಕಸುಬಿಗೆ ಒಂದೊಂದು ಬೀದಿ ಏರ್ಪಟ್ಟಿತು. ವಿಜಯನಗರದ ಅಚ್ಯುತರಾಯ ಅವರಿಗೆ ಬಿಟ್ಟುಕೊಟ್ಟ ಊರುಗಳಲ್ಲಿ ಹಲಸೂರು, ವರ್ತೂರು, ಬೇಗೂರುಗಳ ಹೆಸರು ಬರುತ್ತದೆ. ಸುತ್ತಿನ ಸಣ್ಣ ಸಂತೆಗಳು ಮಾಡುತ್ತಿದ್ದ ಕೆಲಸವನ್ನು ಈಗ ಗೋಡೆಯೊಳಗಿನ ದೊಡ್ಡ ಪೇಟೆ ವಹಿಸಿಕೊಂಡಿತು. ಪೂರ್ವದ ದಾರಿ ಪೇಟೆಯನ್ನು ಸೇರುವ ಬಾಗಿಲಿಗೆ ಹಲಸೂರು ಬಾಗಿಲು ಎಂಬ ಹೆಸರಾಯಿತು. ಬಾಗಿಲು ಹೋಗಿ ಎಷ್ಟೋ ಕಾಲವಾದರೂ ಹಲಸೂರು ಗೇಟ್ ಪೊಲೀಸ್ ಠಾಣೆಯಲ್ಲಿ ಅದರ ಹೆಸರು ಉಳಿದಿದೆ. 1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನ ಸೇನೆ ಪೇಟೆಯೊಳಗೆ ನುಗ್ಗಿದ್ದು ಇದೇ ಬಾಗಿಲಿನಿಂದ.

1809ರಲ್ಲಿ ಶ್ರೀರಂಗಪಟ್ಟಣದ ಜ್ವರಕ್ಕೆ ಬೇಸತ್ತ ಬ್ರಿಟಿಷ್ ಸೇನೆ ಹಲಸೂರಿನ ಬಳಿ ಬಂದು ನೆಲೆಸಿತು. ಸೈನ್ಯಕ್ಕೆ ಅಕ್ಕಿ, ಮಾಂಸ, ಹುಲ್ಲು, ಬಟ್ಟೆ ಬೇಕು. ಅದನ್ನು ಒದಗಿಸಲು ದಂಡಿನ ಬಜಾರುಗಳು ಹುಟ್ಟಿದವು. ಮಾರುಕಟ್ಟೆ ಮತ್ತೆ ಪೂರ್ವಕ್ಕೆ ಬಂತು, ಆದರೆ ದೊಮ್ಮಲೂರಿಗೆ ಬರಲಿಲ್ಲ. ಇಂದಿನ ಶಿವಾಜಿನಗರದ ಹಳೆಯ ಹೆಸರು ಬ್ಲಾಕ್‌ಪಲ್ಲಿ. ಬಿಳಿ ಅಕ್ಕಿ ಬೆಳೆಯುತ್ತಿದ್ದ ‘ಬಿಳಿಅಕ್ಕಿಪಳ್ಳಿ’ಯೇ ಹಾಗಾಯಿತು ಎಂಬ ಹೇಳಿಕೆ ಉಂಟು. 1864ರಲ್ಲಿ ಜೋಲಾರಪೇಟೆಯಿಂದ ದಂಡು ನಿಲ್ದಾಣಕ್ಕೆ ರೈಲು ಬಂದ ಮೇಲೆ ಮದರಾಸಿನ ಸರಕು ಎತ್ತಿನ ಬೆನ್ನಿನಿಂದ ಇಳಿದು ರೈಲು ಹತ್ತಿತು. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಕಟ್ಟಡ 1927ರದು.

ಹಳೆ ಮದ್ರಾಸು ರಸ್ತೆಯ ಮೇಲೆ ಇನ್ನೂ ಪೂರ್ವಕ್ಕೆ ಹೋದರೆ ಕೃಷ್ಣರಾಜಪುರ. ಸುತ್ತಿನ ಹಳ್ಳಿಗಳಿಗೆಲ್ಲ ಸಂತೆಯ ಊರಾಗಿದ್ದ ಇದಕ್ಕೆ ತನ್ನದೇ ನಗರಸಭೆ ಇತ್ತು. 2007ರಲ್ಲಿ ಅದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿಹೋಯಿತು. 2025ರಲ್ಲಿ ಆ ಪಾಲಿಕೆಯೂ ಐದು ನಗರಪಾಲಿಕೆಗಳಾಗಿ ಒಡೆದು, ಕೃಷ್ಣರಾಜಪುರ ಬೆಂಗಳೂರು ಪೂರ್ವ ಪಾಲಿಕೆಯ ಪಾಲಾಯಿತು. ತೊಂಬಲೂರು ಪಟ್ಟಣದ ದರ್ಜೆ ಕಳೆದುಕೊಂಡದ್ದನ್ನು ಕಂಡವರು ಈಗಿಲ್ಲ. ಕೃಷ್ಣರಾಜಪುರ ಅದನ್ನು ಕಳೆದುಕೊಂಡದ್ದು ನಮ್ಮ ಕಣ್ಣೆದುರಿಗೇ.

ದೊಮ್ಮಲೂರಿಗೆ ರಸ್ತೆಯ ಭಾಗ್ಯ ಇನ್ನೊಮ್ಮೆ 20ನೇ ಶತಮಾನದಲ್ಲಿ ಬಂತು. 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭವಾಗಿ, ಅದರ ವಿಮಾನ ನಿಲ್ದಾಣವೇ ಮುಂದೆ ಬೆಂಗಳೂರಿನ ವಿಮಾನ ನಿಲ್ದಾಣವಾಯಿತು. ನಗರಕ್ಕೆ ಬಂದಿಳಿದ ದೇಶ ವಿದೇಶಗಳ ಪ್ರಯಾಣಿಕರು ದೊಮ್ಮಲೂರನ್ನು ದಾಟಿಯೇ ಒಳಬರಬೇಕಿತ್ತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆದಾಗ ಆ ದಾರಿ ‘ಹಳೆ’ ವಿಮಾನ ನಿಲ್ದಾಣ ರಸ್ತೆಯಾಯಿತು.

ಉಳಿದದ್ದು, ಉಳಿಯಬೇಕಾದದ್ದು

ಪಟ್ಟಣದ ದರ್ಜೆ ಹೋಗುವುದು ಚರಿತ್ರೆಯ ಸಹಜ ಗತಿ ಎಂದು ಸುಮ್ಮನಾಗಬಹುದು. ಆದರೆ ಹೆಸರು ಮರೆತಾಗ ಅದರ ಜೊತೆಗೆ ಇನ್ನೂ ಕೆಲವು ಹೋಗುತ್ತವೆ. ಸಣ್ಣ ಪಟ್ಟಣವನ್ನು ಸಾಕಿದ್ದು ಕೆರೆಗಳು. ದೊಮ್ಮಲೂರಿನ ಕೆರೆ ಬಡಾವಣೆಯಾಯಿತು. ನೆರೆಯ ಕೋಡಿಹಳ್ಳಿಯ ಕೆರೆಯ ಜಾಗದಲ್ಲಿ ಮನೆಗಳೆದ್ದವು. ಚಲ್ಲಘಟ್ಟದ ಕೆರೆ ಗಾಲ್ಫ್ ಮೈದಾನವಾಯಿತು. ‘ಹೆಸರಿಲ್ಲದ ಹಳ್ಳಿಯ ಬತ್ತಿದ ಕೆರೆ’ ಎಂದರೆ ತುಂಬಿಸಲು ಯಾರ ಮನಸ್ಸೂ ಅಳುಕುವುದಿಲ್ಲ. ಇಂಥದೇ ಒಂದು ಕೆರೆಯ ಉತ್ಪತ್ತಿಯನ್ನು ಏಳು ಶತಮಾನಗಳ ಹಿಂದೆ ಗಂಡಹೆಂಡಿರಿಬ್ಬರು ದೇವರ ಹೆಸರಿಗೆ ಬರೆದು, ಸೂರ್ಯ ಚಂದ್ರರಿರುವವರೆಗೆ ನಡೆಯಲಿ ಎಂಬ ಆಶಯದಿಂದ ಕಲ್ಲಿಗೆ ಹತ್ತಿಸಿದ್ದರು ಎಂದು ತಿಳಿದಿದ್ದರೆ ಒಂದು ಮಾತಾದರೂ ಎದ್ದೀತು.

ಶಾಸನದ ಕಲ್ಲುಗಳಿಗೂ ಇದೇ ಗತಿ. ರೈಸ್ ಅವರು ಓದಿದ ಬೆಂಗಳೂರಿನ ಶಾಸನಗಳಲ್ಲಿ ಅನೇಕವು ರಸ್ತೆ, ಕಟ್ಟಡಗಳ ಅಡಿಯಲ್ಲಿ ಕಾಣೆಯಾಗಿವೆ. ಉಳಿದವುಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್‌ನಿಂದ ಅಕ್ಷರ ಸಹಿತ ದಾಖಲಿಸುವ ಕೆಲಸವನ್ನು 1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮಿಥಿಕ್ ಸೊಸೈಟಿ ಕೈಗೊಂಡಿದೆ. ಸಾರ್ವಜನಿಕರು ತಮ್ಮ ಬೀದಿಯ, ತೋಟದ, ಗುಡಿಯ ಕಲ್ಲುಗಳ ಸುಳಿವು ಕೊಟ್ಟು ನೆರವಾಗುತ್ತಿರುವುದು ಸಂತೋಷದ ಸಂಗತಿ. ದೇವಾಲಯದ ಗೋಡೆಗೆ ಬಣ್ಣ ಬಳಿಯುವಾಗ, ಜೀರ್ಣೋದ್ಧಾರದ ಹೆಸರಿನಲ್ಲಿ ಕಲ್ಲು ಉಜ್ಜುವಾಗ ಅಲ್ಲಿ ಅಕ್ಷರವಿದೆಯೇ ಎಂದು ಒಮ್ಮೆ ನೋಡಿದರೂ ಎಷ್ಟೋ ಉಳಿಯುತ್ತದೆ.

ಆಸ್ಟ್ರಿಯದ ಎಂಟುನೂರು ಜನರ ಊರು ತನ್ನ ಹೆಸರಿನ ಹಿಂದೆ ಮಾರುಕಟ್ಟೆಯ ಬಿರುದನ್ನು ಉಳಿಸಿಕೊಂಡದ್ದರಿಂದ ಅಲ್ಲಿನ ವ್ಯಾಪಾರವೇನೂ ಹೆಚ್ಚಿಲ್ಲ. ಆದರೆ ಅಲ್ಲಿ ಹುಟ್ಟಿದ ಮಗುವಿಗೆ ತನ್ನದು ಮಾರುಕಟ್ಟೆಯ ಊರು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ; ಹೆಸರೇ ಹೇಳುತ್ತದೆ. ದೊಮ್ಮಲೂರಿನ ಮಗುವಿಗೆ ಅದನ್ನು ಹೇಳಬಲ್ಲದ್ದು ಚೊಕ್ಕನಾಥನ ಗುಡಿಯ ಗೋಡೆ ಮಾತ್ರ. ಗುಡಿಯ ಬಾಗಿಲಲ್ಲಿ, ಆ ಗೋಡೆಯ ಮೇಲೇನಿದೆ ಎಂಬುದನ್ನು ಇಂದಿನ ಕನ್ನಡದಲ್ಲಿ ಹತ್ತು ಸಾಲಿನಲ್ಲಿ ತಿಳಿಸುವ ಫಲಕವೊಂದಿದ್ದರೆ ದಾರಿಹೋಕರು ನಿಂತು ಓದುತ್ತಾರೆ. ಕೆಂಪೇಗೌಡರ ಪೇಟೆಗೆ ಎರಡೂವರೆ ಶತಮಾನ ಮೊದಲು ಈ ಮಣ್ಣಿನಲ್ಲಿ ಒಂದು ಪಟ್ಟಣವಿತ್ತು, ಅದಕ್ಕೆ ದೂರದ ವರ್ತಕರು ಮಾಣಿಕ್ಯ ಎಂದು ಹೆಸರಿಟ್ಟಿದ್ದರು ಎಂಬುದು ಆ ಹತ್ತು ಸಾಲಿನಲ್ಲಿ ಮೊದಲನೆಯದಾಗಿರಲಿ.